ಗೋಡೆ ಕಡೆ ಮಗ್ಗುಲು

ಹನೂರಿನ ವೃಷಭೇಂದ್ರಪ್ಪನವರು ಹೊಲದ ಬದುವಿನ ಮೇಲೆ ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡರು. ಅದೇ ವಾರ ಮನೆಯ ಟೀವಿಯೂ ಸುಟ್ಟುಹೋಯಿತು. ಗಾಯದ ಮೇಲೆ ಬರೆ ಎಂದರೆ ಇದೇ. ಮೈಸೂರಿನ ಆಸ್ಪತ್ರೆಯಲ್ಲಿ ಹೊಸ ಕೀಲು ಹಾಕಿಸಿ ಕರೆತಂದು, ನಡುಮನೆಯ ಗೋಡೆ ಪಕ್ಕದ ಮಂಚದಲ್ಲಿ ಮಲಗಿಸಿದ್ದಾಯಿತು. ಎರಡು ಮೂರು ತಿಂಗಳು ಅಂಗಾತ ಮಲಗಿರಬೇಕು, ತಾವಾಗಿ ಮಗ್ಗುಲು ಬದಲಿಸಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಹೊತ್ತು ಹುಟ್ಟುವ ಮುಂಚೆ ಹೊಲದಲ್ಲಿರುತ್ತಿದ್ದ ಮನುಷ್ಯ ಈಗ ದಿನವಿಡೀ ಸೂರಿನ ಹೆಂಚು ನೋಡಿಕೊಂಡು ಬಿದ್ದಿರಬೇಕಾಯಿತು.

ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಉಳಿದ ಮೂವರೂ ಊಟಕ್ಕೆ ಕೂತಿದ್ದರು.

"ನಿಮ್ಮಪ್ಪ ಮುದ್ದೇನೇ ಮುಟ್ನಿಲ್ಲ ಕಣ್ಲಾ," ಎಂದರು ಚನ್ನಮಲ್ಲಮ್ಮ ಮಗನಿಗೆ ಬಸ್ಸಾರು ಬಡಿಸುತ್ತಾ. "ಎಲ್ಡು ತುತ್ತು ಸಾರನ್ನ ತಿಂದು ಬಾಯಿ ಮುಚ್ಕಂಡ್ರು. ನೋಡಕೆ ಏನಾದ್ರೂ ಇದ್ದಿದ್ರೆ ಒತ್ತಾದ್ರೂ ಕಳೀತಿತ್ತು."

"ಹೊಸ ಟೀವಿಗೆ ಎಲ್ಲಿಂದ ತರ್ಲವ್ವ? ಇದ್ದಿದ್ದೆಲ್ಲ ಆಸ್ಪತ್ರೆಗೆ ಸುರ್ದಾಯ್ತು," ಎಂದ ಶಾಂತಮೂರ್ತಿ. ಅವನು ಕೊಳ್ಳೇಗಾಲದ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವವನು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ.

"ಒಸ ಟೀವಿ ಯಾಕ್ಲಾ? ನಿನ್ ಎಂಡ್ತಿ ಕ್ವಾಣೇಲಿ ಒಂದು ಕುಂತದಲ್ಲ."

ಮುದ್ದೆ ಮುರಿಯುತ್ತಿದ್ದ ಭವ್ಯಶ್ರೀಯ ಕೈ ನಿಂತಿತು. "ಅದು ಕಂಪ್ಯೂಟರ್ ಅತ್ತೆ."

"ನಾನೇನು ರಾಗಿ ಮಿಷಿನ್ನು ಅಂದ್ನಾ? ಗಾಜದೆ, ಬೆಳಕು ಬತ್ತದೆ. ಪಕ್ಕದ ಬೀದಿ ಮಾದಸ್ವಾಮಿ ಮನೇಲಿ ಅದ್ರಲ್ಲೇ ಟೀವಿ ನೋಡ್ತಾರಂತೆ, ಎಂಥದೋ ಆಕುಸ್ಕಂಡು."

"ಟೀವಿ ಟ್ಯೂನರು ಅಂತಾರೆ," ಎಂದ ಶಾಂತಮೂರ್ತಿ. ಅವನ ಮುಖ ಅರಳಿತು. "ಔದಲ್ಲವ್ವ, ಅದು ಅಗ್ಗಕ್ಕೇ ಸಿಗ್ತದೆ. ನಂಗೆ ಹೊಳೀಲೇ ಇಲ್ಲ ನೋಡು."

ಹೊಳೆಯದಿದ್ದರೇ ಚೆನ್ನಾಗಿತ್ತು ಎಂದು ಭವ್ಯಶ್ರೀಗೆ ಅನ್ನಿಸಿತು. ಅವಳು ಯಳಂದೂರಿನ ಹೆಣ್ಣು. ಮದುವೆಗೆ ಮುಂಚೆ ಅಲ್ಲೇ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದಳು. ಮಾತುಕತೆಯ ದಿನ ಅವಳಪ್ಪ, ಎರಡೆಳೆ ಸರದ ಬದಲು ಒಂದು ಕಂಪ್ಯೂಟರ್ ಕೊಡಿಸ್ತೀನಿ, ಮಗಳು ಮನೆಯಲ್ಲೇ ಕೂತು ಕೆಲಸ ಮಾಡಿಕೊಳ್ಳಲಿ ಎಂದಾಗ ಚನ್ನಮಲ್ಲಮ್ಮ ಮುಖ ಊದಿಸಿಕೊಂಡಿದ್ದರು. ವೃಷಭೇಂದ್ರಪ್ಪನವರೇ, "ಆಗ್ಲಿ ಬುಡಿ, ಸರ ಪೆಟ್ಗೇಲಿರ್ತದೆ, ಕೆಲ್ಸ ಕೈಲಿರ್ತದೆ," ಎಂದು ಒಪ್ಪಿಸಿದ್ದರು. ಆ ಕೆಲಸ ಈಗ ಕೈಗೆ ಹತ್ತುವ ಹೊತ್ತು. ಕೊಳ್ಳೇಗಾಲದ ಪ್ರೆಸ್ಸಿನ ಶಂಕರ್, ಹನೂರಿನ ಹಳೆಯ ಶಾಲೆಯೊಂದರ ಸ್ಮರಣ ಸಂಚಿಕೆಯ ಹಸ್ತಪ್ರತಿ ಕಳಿಸಿದ್ದ. ಶಾಲೆಯ ಸಮಾರಂಭದೊಳಗೆ ಮುಗಿಸಿಕೊಟ್ಟರೆ ಪ್ರೆಸ್ಸಿನ ಕನ್ನಡ ಕೆಲಸವೆಲ್ಲ ಇನ್ನು ಮುಂದೆ ನಿಮಗೇ ಎಂದಿದ್ದ. ಭವ್ಯಶ್ರೀ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಬೆಳಗಿನ ಪಾತ್ರೆ ತಿಕ್ಕುವಾಗಲೂ ಹಿಗ್ಗುತ್ತಿದ್ದಳು.

ಹಾಗಂತ ಮಾವನಿಗೆ ಟೀವಿ ಬೇಡ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಊಟವಾದ ಮೇಲೆ ಕೋಣೆಯಲ್ಲಿ ಗಂಡನಿಗೆ ಬಿಡಿಸಿ ಹೇಳಿದಳು.

"ನೋಡಿ, ಇದ್ರಲ್ಲಿ ಎರಡು ಥರ ಬರುತ್ತೆ. ಒಂದು ಕಾರ್ಡು, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸೋದು. ಅದಕ್ಕೆ ಕಂಪ್ಯೂಟರ್ ಆನ್ ಆಗೇ ಇರಬೇಕು. ಇನ್ನೊಂದು ಡಬ್ಬ, ಹೊರಗಿಡೋದು. ಅದಕ್ಕೆ ಕಂಪ್ಯೂಟರ್ ಬೇಕಿಲ್ಲ, ಬರೀ ಪರದೆ ಸಾಕು. ಅಂಗಡೀಲಿ ಹಳೇ ದಪ್ಪ ಮಾನಿಟರ್ ಬಿಸಾಕೋ ರೇಟಿಗೆ ಕೊಡ್ತಾರೆ. ಡಬ್ಬ ಒಂದು, ಹಳೇ ಮಾನಿಟರ್ ಒಂದು ತಂದುಬಿಡಿ. ಮಾವನ ಟೀವಿ ಮಾವನಿಗೆ, ನನ್ನ ಕೆಲಸ ನನಗೆ."

"ಆಯ್ತು ಬುಡು, ಡಬ್ಬನೇ ತತ್ತೀನಿ."

"ಮರೀಬೇಡಿ. ಡಬ್ಬ. ಕಾರ್ಡಲ್ಲ."

"ನಾನೇನು ಚಿಕ್ ಮಗೂನಾ?"

ಮರುದಿನ ಸಾಯಂಕಾಲ ಶಾಂತಮೂರ್ತಿ ಬಸ್ಸಿಳಿದು ಬಂದಾಗ ಅವನ ಕೈಯಲ್ಲಿ ಒಂದು ಚಪ್ಪಟೆ ಪೊಟ್ಟಣವಿತ್ತು. ಡಬ್ಬ ಅಷ್ಟು ಚಪ್ಪಟೆ ಇರುವುದಿಲ್ಲ ಎಂದು ಭವ್ಯಶ್ರೀಗೆ ಬಾಗಿಲಲ್ಲೇ ತಿಳಿಯಿತು.

"ಕಾರ್ಡು ತಂದ್ರಾ?"

"ಮೊದ್ಲು ಕೇಳು. ಡಬ್ಬ, ಮಾನಿಟರ್ ಎರಡೂ ಸೇರಿ ಇದರ ಮೂರು ಪಟ್ಟು ಆಯ್ತದೆ. ಇದು ಏಳ್ನೂರಕ್ಕೆ ಬಂತು, ಅದೂ ಚೌಕಾಸಿ ಮಾಡಿ. ಇದರಲ್ಲಿ ಚಿತ್ರ ಇನ್ನೂ ನೀಟಾಗಿ ಬತ್ತದಂತೆ, ಅಂಗಡಿಯವನೇ ಹೇಳ್ದ."

"ಅಂಗಡಿಯವನು ಹೇಳ್ದ. ನಾನು ಹೇಳಿದ್ದು?"

"ಅರ್ಧ ಪರದೇಲಿ ಟೀವಿ ಬರ್ಲಿ, ಇನ್ನರ್ಧದಲ್ಲಿ ನೀ ಟೈಪ್ ಮಾಡು. ಎರಡೂ ಆಯ್ತದೆ."

"ನೀವು ಹುಟ್ಟಿದಾಗಿಂದ ಒಂದು ಸಾಲು ಟೈಪ್ ಮಾಡಿದೀರಾ?"

"ನಾನೇ ಅಂದೆ ಕಣೆ ಅವ್ನಿಗೆ," ಎಂದು ಒಳಗಿನಿಂದ ಚನ್ನಮಲ್ಲಮ್ಮನ ದನಿ ಬಂತು, "ಎಲ್ಡೆಲ್ಡು ಕರ್ಚು ಯಾಕೆ ಅಂತ. ಮನೇಲಿ ಒಂದು ಗಾಜಿರುವಾಗ ಇನ್ನೊಂದು ಗಾಜು ಯಾಕೆ? ಶಾಂತೂ, ಕಾಫಿ ಕುಡಿ ಬಾ."

ವಾಪಸ್ಸು ಕೊಟ್ಟು ಬನ್ನಿ ಎಂದಳು ಭವ್ಯಶ್ರೀ. ಮಾರಿದ ಮಾಲು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ರಸೀದಿಯ ಮೇಲೇ ಅಚ್ಚು ಹಾಕಿಸಿದ್ದರು. ಶಾಂತಮೂರ್ತಿ ಕೆಟ್ಟವನಲ್ಲ. ಇಬ್ಬರು ಹೆಂಗಸರನ್ನೂ ಮೆಚ್ಚಿಸಿ, ಮೇಲೆ ದುಡ್ಡನ್ನೂ ಉಳಿಸಿದೆನೆಂದು ಅವನಿಗೆ ಒಳಗೊಳಗೇ ಹೆಮ್ಮೆ. ಇಂಥ ಒಳ್ಳೆಯವರ ಜೊತೆ ಜಗಳವಾಡಿ ಗೆದ್ದ ಹೆಂಡತಿಯನ್ನು ಯಾರೂ ಕಂಡಿಲ್ಲ.

ಕಾರ್ಡು ಬಂದ ಮೇಲೆ ಕಂಪ್ಯೂಟರು ಕೋಣೆಯಲ್ಲಿರುವ ಹಾಗಿಲ್ಲ. ಮಂಚ ಒಳಗೆ ಹಿಡಿಸುವುದಿಲ್ಲ. ಹಿಡಿಸಿದರೂ ಮಗ ಸೊಸೆ ಮಲಗುವ ಕೋಣೆಗೆ ಮಾವ ಕಾಲಿಡುವ ಪದ್ಧತಿ ಆ ಮನೆಯಲ್ಲಿಲ್ಲ. ಹಾಗಾಗಿ ಮೇಜು, ಮಾನಿಟರ್, ಎಲ್ಲ ನಡುಮನೆಗೆ ಬಂತು. ಕೇಬಲ್ಲಿನವನು ಕಿಟಕಿಯಿಂದ ವೈರು ಎಳೆದು ಚುಚ್ಚಿಕೊಟ್ಟ. ಮಲಗಿದ ಮುದುಕರಿಗೆ ಕಾಣಲಿ ಎಂದು ಮಾನಿಟರಿನ ಕೆಳಗೆ ಒಂದು ಮಣೆ ಇಟ್ಟು ಎತ್ತರಿಸಿದರು.

ಅವತ್ತು ಸಾಯಂಕಾಲ ಪರದೆಯ ಮೇಲೆ ಯಾವುದೋ ಊರಿನ ಅರಿಶಿನದ ಹೊಲ ಕಂಡಿತು. ವೃಷಭೇಂದ್ರಪ್ಪನವರು ದಿಂಬಿನಿಂದ ತಲೆಯೆತ್ತಿ, "ಗೆಡ್ಡೆ ನೋಡು, ಮಕ್ಕಳ ಕೈ ಗಾತ್ರ ಅದೆ," ಎಂದು ತಾವೇ ಬೆಳೆದವರ ಹಾಗೆ ನಕ್ಕರು. ಮುದ್ದೆ ಪೂರ್ತಿ ಉಂಡರು. ಭವ್ಯಶ್ರೀಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು. ಟೀವಿ ಹಾಕುವುದು ಆರಿಸುವುದು ಅವಳೊಬ್ಬಳಿಗೇ ಬರುತ್ತಿದ್ದರಿಂದ ಸಾರು ಕುದಿಯುವಾಗಲೂ ಎದ್ದು ಎದ್ದು ಬಂದಳು.

ತೊಡಕು ಶುರುವಾದದ್ದು ಮರುದಿನ. ಮನೆಕೆಲಸ ಮುಗಿಸಿ, ಮಾವನಿಗೆ ಔಷಧಿ ಕೊಟ್ಟು, ಟೀವಿ ಆರಿಸಿ, ಅವಳು ಕುರ್ಚಿ ಎಳೆದಳು. ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನೋಡಿದರು. ಭವ್ಯಶ್ರೀಗೆ ಆಗ ಅರ್ಥವಾಯಿತು. ಆ ಮನೆಯಲ್ಲಿ ಮಾವನ ಎದುರು ಸೊಸೆ ಕುರ್ಚಿಯ ಮೇಲೆ ಕೂರುವುದಿಲ್ಲ. ಚನ್ನಮಲ್ಲಮ್ಮ ತಮ್ಮ ಮಾವ ಇರುವಷ್ಟು ಕಾಲ ನಡುಮನೆಯ ಕುರ್ಚಿಯನ್ನು ಒರೆಸಲು ಮಾತ್ರ ಮುಟ್ಟಿದವರು. ಕೋಣೆಯೊಳಗಿದ್ದಾಗ ಈ ಮಾತೇ ಎದ್ದಿರಲಿಲ್ಲ. ಮೇಜು ಹೊತ್ತು ತರುವಾಗ ಮಗನಿಗೂ ನೆನಪಾಗಲಿಲ್ಲ, ತಾಯಿಗೂ ಆಗಲಿಲ್ಲ, ಇನ್ನೊಂದು ತುದಿ ಹಿಡಿದಿದ್ದ ಅವಳಿಗೂ ಆಗಲಿಲ್ಲ.

ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಕೀಲಿಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಳು. ಎತ್ತರದ ಪರದೆಯನ್ನು ಕತ್ತೆತ್ತಿ ನೋಡಿ ನೋಡಿ, ಸಾಯಂಕಾಲಕ್ಕೆ ಕತ್ತು ಹಿಡಿದುಕೊಂಡಿತು. ಮರುದಿನದಿಂದ ನಿಂತುಕೊಂಡೇ ಟೈಪ್ ಮಾಡತೊಡಗಿದಳು. ಮೇಜು ತಗ್ಗು, ಬಗ್ಗಿ ನಿಲ್ಲಬೇಕು.

"ಕೂತ್ಕಂಡು ಮಾಡವ್ವ," ಎಂದರು ಮಂಚದಿಂದ ಮಾವ.

"ಪರವಾಗಿಲ್ಲ ಮಾವ, ಅಭ್ಯಾಸ ಇದೆ."

ಯಾರಿಗೆ ತಾನೇ ಇರುತ್ತದೆ ಆ ಅಭ್ಯಾಸ! ಮುದುಕರಿಗೂ ಅದು ಗೊತ್ತಿತ್ತು.

ಆ ವಾರವೇ ವೃಷಭೇಂದ್ರಪ್ಪನವರ ತಂಗಿ ಶಿವರತ್ನಮ್ಮ ಒಡೆಯರಪಾಳ್ಯದ ಕಡೆಯ ತಮ್ಮ ಹಳ್ಳಿಯಿಂದ ಅಣ್ಣನನ್ನು ನೋಡಲು ಬಂದರು. ಒಂದು ಚೀಲ ಕಡಲೆಕಾಯಿ, ಎರಡು ಚೀಲ ಮಾತು. ಭವ್ಯಶ್ರೀ ಬಗ್ಗಿ ನಿಂತು ಟೈಪ್ ಮಾಡುವುದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟರು.

"ಅಯ್ಯೋ ಅತ್ತಿಗೆ, ನಿಮ್ ಸೊಸೆ ನೋಡಿ! ಈಗ್ನ ಕಾಲದಲ್ಲಿ ಮಾವನ ಮುಂದೆ ಕಾಲ್ ಮ್ಯಾಲೆ ಕಾಲಾಕಂಡು ಕೂರೋರೇ ಎಲ್ಲಾ. ಇವ್ಳು ನೋಡಿ, ಬೆನ್ನು ಬಗ್ಸ್ಕಂಡು ನಿಂತವ್ಳೆ. ಪುಣ್ಯ ಮಾಡಿದ್ರಿ ಕಣಿ."

ಚನ್ನಮಲ್ಲಮ್ಮನ ಮುಖ ದೀಪ ಹಚ್ಚಿದ ಹಾಗಾಯಿತು. "ಯಳಂದೂರಿನವ್ರು ಬುದ್ಧಿ ಏಳಿ ಬೆಳ್ಸವ್ರೆ," ಎಂದು ಮೊದಲ ಸಲ ಸೊಸೆಯ ತವರನ್ನು ಹೊಗಳಿದರು. ಬೈದಿದ್ದರೆ ಭವ್ಯಶ್ರೀ ಒಂದು ಮಾತು ಎದುರಾಡಬಹುದಿತ್ತು. ಹೊಗಳಿದವರಿಗೆ ಏನು ಹೇಳುವುದು? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗಾಯಿತು ಅವಳ ಪಾಡು. ಇನ್ನು ಕುರ್ಚಿ ಕೇಳುವ ದಾರಿಯೂ ಮುಚ್ಚಿತು.

ಶಂಕರ್ ಫೋನು ಮಾಡಿದ. "ಏನಮ್ಮ, ಇನ್ನೂ ಕಾಲು ಭಾಗಾನೂ ಬಂದಿಲ್ಲ? ನಿಮ್ ಯಜಮಾನ್ರು ಪೆನ್ ಡ್ರೈವ್ ತಂದಾಗೆಲ್ಲ ನಾಕು ಪುಟ ಇರ್ತದೆ. ಹಿಂಗಾದ್ರೆ ಸಮಾರಂಭಕ್ಕೆ ಬರೀ ರಟ್ಟು ಹಂಚ್ಬೇಕಾಯ್ತದೆ."

"ಮುಗಿಸಿಕೊಡ್ತೀನಿ ಸಾರ್. ಖಂಡಿತ."

ಫೋನಿಟ್ಟು ಸೊಂಟ ಹಿಡಿದುಕೊಂಡು ನಿಂತಳು. ಅತ್ತೆ ಹಿತ್ತಲಿನಲ್ಲಿದ್ದರು. ಮಂಚದಿಂದ ಮಾವ ಕೇಳಿದರು.

"ಅದೇನವ್ವ ಬರಿಯದು?"

"ಹಳೇ ಶಾಲೆ ಪುಸ್ತಕ ಮಾವ. ಅಲ್ಲಿ ಓದಿದವರೆಲ್ಲ ಬರೆದಿದಾರೆ."

"ಎಂಚಿನ ಸೂರು, ಮುಂದ್ಗಡೆ ಬೇವಿನ ಮರ, ಆ ಇಸ್ಕೂಲಾ? ನಾನೂ ಅಲ್ಲೇ ಕಣವ್ವ ನಾಕ್ನೇ ಕ್ಲಾಸ್ಗಂಟ ಓದಿದ್ದು." ಸೊಸೆ ಸೊಂಟ ಹಿಡಿದುಕೊಂಡದ್ದನ್ನು ನೋಡಿದರು. ಆಮೇಲೆ ಎರಡು ಕೈಯಲ್ಲೂ ಮಂಚದ ಅಂಚು ಹಿಡಿದು, ಹಲ್ಲು ಕಚ್ಚಿ, ಗೋಡೆಯ ಕಡೆಗೆ ಹೊರಳಿದರು.

"ಮಾವ! ಏನು ಮಾಡ್ತಿದೀರಾ?"

"ನಾ ಗೋಡೆ ನೋಡ್ತಾವ್ನಿ. ನಿನ್ನ ನೋಡ್ತಾನೇ ಇಲ್ಲ. ನಾ ನೋಡ್ದೆ ಇದ್ಮೇಲೆ ಯಾರ ಮುಂದೆ ಕೂತಂಗಾಯ್ತು? ಕೂತ್ಕ."

ಹಿತ್ತಲಿನಿಂದ ಬಂದ ಚನ್ನಮಲ್ಲಮ್ಮ ಬಾಗಿಲಲ್ಲಿ ನಿಂತರು. "ವರಳ್ಬ್ಯಾಡಿ ಅಂದಿಲ್ವಾ ಡಾಕ್ಟ್ರು?"

"ನೋವಿಲ್ಲ ಬುಡು. ಬೆನ್ನು ಬೆಂದೋಗ್ಯದೆ ಅಂಗಾತ ಮಲ್ಗಿ ಮಲ್ಗಿ. ನಂಗೆ ಇಂಗೇ ಸುಖ."

ಚನ್ನಮಲ್ಲಮ್ಮ ಗಂಡನ ಬೆನ್ನನ್ನೂ ಕುರ್ಚಿಯನ್ನೂ ಒಮ್ಮೆ ನೋಡಿದರು. ಪದ್ಧತಿಯೂ ಉಳಿಯಿತು, ಕೆಲಸವೂ ಆಯಿತು ಎಂದುಕೊಂಡರೋ ಏನೋ, ಮೊರ ತೆಗೆದುಕೊಂಡು ಒಳಗೆ ಹೋದರು. ಡಾಕ್ಟರ ಮಾತು ಭವ್ಯಶ್ರೀಯ ಕಿವಿಗೂ ಬಿದ್ದಿತ್ತು. ಬೇಡ ಮಾವ, ತಿರುಗಿ ಎನ್ನಬೇಕು ಎಂದು ಬಾಯಿ ತೆರೆದಳು. ಸೊಂಟ ಸಿಡಿಯುತ್ತಿತ್ತು. ಕುರ್ಚಿ ಎಳೆದು ಕೂತಳು.

ಆ ದಿನದಿಂದ ಅದೇ ರೂಢಿಯಾಯಿತು. ಮನೆಕೆಲಸ ಮುಗಿದು ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರೆ, ಮುದುಕರು ಕೇಳದೆಯೇ ಗೋಡೆಯ ಕಡೆ ಹೊರಳುತ್ತಿದ್ದರು. ಕೀಲಿಮಣೆಯ ಸದ್ದು ನಿಂತರೆ, "ಆಯ್ತೇನವ್ವ?" ಎಂದು ಕೇಳಿ, ಇನ್ನೂ ಇಲ್ಲ ಎಂದರೆ ಹಾಗೇ ಇರುತ್ತಿದ್ದರು. ಗೋಡೆಗೆ ಮುಖ ಮಾಡಿಕೊಂಡೇ ಮಾತು.

"ಈಗ ಏನ್ ಬಂತು?"

"ಒಬ್ಬರು ಮೇಷ್ಟ್ರು ಬೆತ್ತ ಬಚ್ಚಿಟ್ಟವರನ್ನ ಹುಡುಕಿ ಹುಡುಕಿ ಹೊಡೀತಿದ್ರಂತೆ ಮಾವ."

"ಬಚ್ಚಿಟ್ಟಿದ್ದು ನಾನೇ ಕಣವ್ವ," ಎಂದು ಗೋಡೆ ನೋಡಿಕೊಂಡೇ ನಕ್ಕರು. ಬೆನ್ನು ಕುಲುಕಾಡುವುದು ಮಾತ್ರ ಅವಳಿಗೆ ಕಂಡಿತು.

ಆ ದಿನಗಳಲ್ಲಿ ಅವಳಿಗೆ ಹನೂರು ತನ್ನ ಊರು ಅನ್ನಿಸಿತು. ಪುಟಗಳು ಸರಸರನೆ ಮುಗಿದವು. ಶಾಂತಮೂರ್ತಿ ಪೆನ್ ಡ್ರೈವ್ ಜೇಬಿಗೆ ಹಾಕಿಕೊಳ್ಳುತ್ತಾ, "ನೋಡ್ದಾ, ನಾ ಅಂದಿರ್ಲಿಲ್ವಾ ಎರಡೂ ಆಯ್ತದೆ ಅಂತ," ಎಂದು ಕಾರ್ಡಿನ ಹಿರಿಮೆ ಹೇಳಿಕೊಂಡ. ಅವಳು ನಕ್ಕಳು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

ಒಂದು ಬೆಳಿಗ್ಗೆ ಅವಳು ಒಗೆದ ಬಟ್ಟೆ ಹರವಿ ಬಂದು ಕುರ್ಚಿಗೆ ಕೈಯಿಟ್ಟಳು. ಮಾವ ಎಂದಿನ ಹಾಗೆ ಮಂಚದ ಅಂಚು ಹಿಡಿದು ಹೊರಳಿದರು. ಮೇಲಿನ ಕಾಲು ಕೆಳಗಿನ ಕಾಲಿನ ಮೇಲೆ ಅಡ್ಡ ಬಿತ್ತು. ಒಳಗಿನಿಂದ ಟಕ್ಕೆಂದು ಒಂದು ಸದ್ದು ಬಂತು. ಆಮೇಲೆ ಅವರು ಕೂಗಿದ ಕೂಗಿಗೆ ಅಕ್ಕಪಕ್ಕದ ಮನೆಯವರೆಲ್ಲ ಓಡಿಬಂದರು.

ಹೊಸ ಕೀಲು ಜಾರಿತ್ತು. ಮೈಸೂರಿನ ಡಾಕ್ಟರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ಶಾಂತಮೂರ್ತಿಯನ್ನು ನೋಡಿದರು.

"ಅಂಗಾತ ಮಲಗಿಸಿ, ಹೊರಳೋಕೆ ಬಿಡಬೇಡಿ ಅಂತ ಹೇಳಿದ್ವಲ್ಲ?"

"ಹೇಳಿದ್ರಿ ಸಾ."

"ಮತ್ತೆ ಯಾಕೆ ಹೊರಳಿದ್ರು?"

ಶಾಂತಮೂರ್ತಿ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು. ಕೀಲನ್ನು ಮತ್ತೆ ಕೂರಿಸುತ್ತೇವೆ, ಆದರೆ ಈ ವಯಸ್ಸಿನಲ್ಲಿ ಇನ್ನು ಎದ್ದು ನಡೆಯುತ್ತಾರೆ ಎಂಬ ನಂಬಿಕೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು.

ಶಾಂತಮೂರ್ತಿ ಆಸ್ಪತ್ರೆಯಲ್ಲಿ ಉಳಿದ. ಹೆಂಗಸರಿಬ್ಬರೂ ಹನೂರಿಗೆ ವಾಪಸ್ಸಾದರು. ಮನೆಗೆ ಬಂದು ಬರಿದಾದ ಮಂಚ ಕಂಡ ಕೂಡಲೇ ಚನ್ನಮಲ್ಲಮ್ಮನ ಕಟ್ಟೆ ಒಡೆಯಿತು.

"ಕುರ್ಚಿ ಮ್ಯಾಲೆ ಕೂರೋ ಆಸೇಲಿ ನನ್ ಗಂಡನ ಕಾಲು ತಗುದ್ಬುಟ್ಟಲ್ಲೇ! ಒಲ ಸುತ್ತೋ ಗಂಡಸ್ನ ಮೂಲೆಗಾಕ್ಬುಟ್ಟಲ್ಲ!"

"ಅತ್ತೆ, ಹಾಗನ್ನಬೇಡಿ."

"ಇನ್ನೇನನ್ಲಿ? ನೀನು ತಡ್ಯಬ್ಯಾಡ್ವಾ?"

"ನಾನು ತಡೀಬೇಕಿತ್ತು. ತಡೀಲಿಲ್ಲ. ತಪ್ಪು ನಂದೇ." ಭವ್ಯಶ್ರೀ ಕುರ್ಚಿಯ ಕಡೆ ಕೈ ತೋರಿಸಿದಳು. "ನೆಲದ ಮೇಲೆ ಕೂತೆ, ಕತ್ತು ಹೋಯ್ತು. ನಿಂತೆ, ಸೊಂಟ ಹೋಯ್ತು. ನೀವು ದಿನಾ ನೋಡ್ತಿದ್ರಿ. ಒಂದೇ ಒಂದು ಸಲ 'ಕೂತ್ಕೊಳ್ಳೇ' ಅಂತ ನೀವು ಅಂದಿದ್ರೆ ಮಾವ ಗೋಡೆ ಕಡೆ ತಿರುಗ್ತಾನೇ ಇರ್ಲಿಲ್ಲ ಅತ್ತೆ. ಅಷ್ಟು ಅನ್ನೋಕೂ ನಿಮಗೆ ಬಾಯಿ ಬರ್ಲಿಲ್ವಾ?"

ಚನ್ನಮಲ್ಲಮ್ಮ ಮಂಚದ ಕಾಲು ಹಿಡಿದು ಕುಕ್ಕರಿಸಿದರು.

"ಕೂತ್ಕ ಅಂತ ನಂಗ್ಯಾರಂದಿದ್ರು?"

ಭವ್ಯಶ್ರೀ ಅಡುಗೆಮನೆಗೆ ಹೋದಳು. ಇಬ್ಬರೂ ಅವತ್ತು ಒಂದೇ ತಟ್ಟೆಯಲ್ಲಿದ್ದ ತಂಗಳನ್ನ ಮಜ್ಜಿಗೆ ಕಲಸಿಕೊಂಡು ಉಂಡರು.

ಮನೆಯಲ್ಲಿ ಯಾರೂ ಅವಳಿಗೆ ಟೈಪಿಂಗ್ ಬಿಡು ಅನ್ನಲಿಲ್ಲ. ಕುರ್ಚಿ ಮೇಜಿನ ಮುಂದೆಯೇ ಇತ್ತು, ಮಂಚದ ಮೇಲೆ ಯಾರೂ ಇರಲಿಲ್ಲ. ಯಾರ ಹಂಗೂ ಇಲ್ಲದೆ ಕೂರಬಹುದಿತ್ತು. ಒಂದು ದಿನ ಕೂತೂ ನೋಡಿದಳು. ಬೆತ್ತದ ಮೇಷ್ಟ್ರ ಮುಂದಿನ ಪುಟ ತೆರೆದಳು. ಎರಡು ಸಾಲಾಗುವಷ್ಟರಲ್ಲಿ ಆ ಟಕ್ಕೆಂಬ ಸದ್ದು ಕಿವಿಯಲ್ಲಿ ಕೇಳಿ ಕೈ ಆಡದಾಯಿತು. ಮಾಡಿದಷ್ಟನ್ನು ಪೆನ್ ಡ್ರೈವಿಗೆ ಹಾಕಿ, ಹಸ್ತಪ್ರತಿಯ ಕಟ್ಟಿನ ಜೊತೆ ತಾನೇ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದಳು.

ಶಂಕರ್ ರೇಗಲಿಲ್ಲ. ವಿಷಯ ಕೇಳಿ ಪಾಪ ಎಂದ. "ಪರವಾಗಿಲ್ಲ ಬಿಡಮ್ಮ. ಇಲ್ಲೇ ಬಸ್ ಸ್ಟ್ಯಾಂಡ್ ಹತ್ರ ಒಂದ್ ಹುಡ್ಗಿ ಹೊಸದಾಗಿ ಅಂಗಡಿ ಹಾಕವ್ಳೆ, ಅವಳ ಕೈಲಿ ಮುಗಿಸ್ತೀನಿ."

"ಮುಂದಿನ ಕೆಲಸ, ಸಾರ್?"

"ನೋಡಾಣ. ನಿಮ್ ಮಾವಾರು ಮೊದ್ಲು ಹುಷಾರಾಗ್ಲಿ."

ನೋಡೋಣ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಹನೂರಿನ ತನಕ ಅತ್ತಳು. ಪಕ್ಕದಲ್ಲಿದ್ದ ಮುದುಕಿ ಯಾರು ತೀರಿಕೊಂಡರು ಮಗ ಎಂದು ಕೇಳಿದಳು. ಯಾರೂ ಇಲ್ಲ ಎಂದಳು ಭವ್ಯಶ್ರೀ.

ಕೆಲವು ದಿನಗಳಾದ ಮೇಲೆ ವೃಷಭೇಂದ್ರಪ್ಪನವರನ್ನು ಮನೆಗೆ ಕರೆತಂದರು. ಈ ಸಲ ಕಾಲುಗಳ ನಡುವೆ ದಪ್ಪ ದಿಂಬಿಟ್ಟು ಪಟ್ಟಿ ಬಿಗಿದಿದ್ದರು. ಮುಖ ಇಳಿದುಹೋಗಿತ್ತು. ಭವ್ಯಶ್ರೀ ಕಂಪ್ಯೂಟರ್ ಹಾಕಿ ಟೀವಿ ಬರಿಸಿದಳು. ಅವರು ಅದನ್ನು ನೋಡಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕರೆದರು.

"ಅವ್ವ, ಟೀವಿ ಆರ್ಸು. ನಿನ್ ಕೆಲ್ಸ ನಿಂತೋಗಿರ್ತದೆ. ಈಗ ವರಳಕಾಗಲ್ಲ ನಂಗೆ, ಕಟ್ಟಾಕವ್ರೆ. ಕಣ್ಣು ಮುಚ್ಕತೀನಿ. ಕೂತ್ಕ."

ಹೇಳಿ, ನಿಜವಾಗಿಯೂ ಕಣ್ಣು ಮುಚ್ಚಿದರು.

ಭವ್ಯಶ್ರೀ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಕೆಲಸ ಮುಗೀತು ಮಾವ. ನೀವು ಆಸ್ಪತ್ರೇಲಿದ್ದಾಗಲೇ ಮುಗಿಸಿ ಕೊಟ್ಟುಬಂದೆ."

ಮುದುಕರು ಕಣ್ಣು ಬಿಟ್ಟರು. "ಪೂರ್ತಿನಾ?"

"ಪೂರ್ತಿ."

"ಬೆತ್ತದ ಮೇಷ್ಟ್ರುದೂ?"

"ಅದೂ."

ವೃಷಭೇಂದ್ರಪ್ಪನವರ ಮುಖದಲ್ಲಿ ಬಿದ್ದಾಗಿನಿಂದ ಯಾರೂ ಕಾಣದ ಒಂದು ನೆಮ್ಮದಿ ಬಂತು. ಕೈ ಚಾಚಿ ಅವಳ ತಲೆಯ ಮೇಲಿಟ್ಟರು.

"ಅಂಗಾರೆ ನಾ ಗೋಡೆ ನೋಡ್ಕಂಡಿದ್ದು ದಂಡ ಆಗ್ನಿಲ್ಲ ಬುಡು. ಕಾಲು ಓಗಿದ್ರೂ ಚಿಂತಿಲ್ಲ ಕಣವ್ವ. ಪುಸ್ತಕ ಬಂದ್ಮೇಲೆ ಒಂದ್ಸಲ ತಂದು ತೋರ್ಸು, ನೀ ಬರ್ದಿದ್ದು ಎಲ್ಲೆಲ್ಲಿ ಅದೆ ಅಂತ."

"ತೋರಿಸ್ತೀನಿ ಮಾವ," ಎಂದಳು ಭವ್ಯಶ್ರೀ.